ಸೆಷನ್ ವೇರಿಯಬಲ್‌ಗೆ ಹೆಸರಿಡುವ ಬಗೆ: ರೂಮ್ 101 ಮಾಯ, 10ಎ ಮಾತ್ರ ಉಳಿಯುತ್ತೆ, ಯಾಕೆ?

ಗೊರೂರು_ಕೋಡ್ (ಹಾಸನ)

ಚಿಕ್ಕಮಗಳೂರು ಕಡೆಯ ಹೋಂಸ್ಟೇಗಳಿಗೆ ಬುಕಿಂಗ್ ಸೈಟ್. ಭಾಷೆ ಪಿಎಚ್‌ಪಿ 8.2, ಉಬುಂಟು ಸರ್ವರ್, ಫ್ರೇಮ್‌ವರ್ಕ್ ಇಲ್ಲ. ಗ್ರಾಹಕರು ಆರಿಸಿದ ರೂಮ್ ನಂಬರನ್ನೇ ಕೀ (ಮಾಹಿತಿಗೆ ಕೊಡುವ ಹೆಸರು) ಮಾಡಿ, ದಿನಗಳ ಎಣಿಕೆಯನ್ನು ಸೆಷನ್‌ನಲ್ಲಿ (ಒಬ್ಬ ಗ್ರಾಹಕರ ಮಾಹಿತಿಯನ್ನು ಪುಟದಿಂದ ಪುಟಕ್ಕೆ ನೆನಪಿಡುವ ಜಾಗ) ಇಡುವ ಕೋಡ್ ಇದೆ:

$_ಸೆಷನ್['101'] = 2;
$_ಸೆಷನ್['10ಎ'] = 3;

ಮುಂದಿನ ಪುಟಕ್ಕೆ ಹೋದರೆ 10ಎ ಸಿಗುತ್ತೆ, 101 ಇರೋದೇ ಇಲ್ಲ. ಸೆಷನ್_ಸ್ಟಾರ್ಟ್ ಎರಡೂ ಪುಟದ ಮೊದಲ ಸಾಲಿನಲ್ಲಿದೆ, ಕುಕಿ (ಬ್ರೌಸರ್‌ನಲ್ಲಿ ಉಳಿಯುವ ಸೆಷನ್ ಗುರುತು) ಸರಿಯಾಗಿ ಬರ್ತಿದೆ. ಕಾರಣ ಏನು?

ಇನ್ನೊಂದು ವಿಷಯ. ಅದೇ ಪ್ರಾಜೆಕ್ಟ್‌ನಲ್ಲಿ ಯೂಸರ್‌ಐಡಿ, ಯೂಸರ್_ಐಡಿ, ಯುಐಡಿ ಅಂತ ಮೂರು ಕೀಗಳಿವೆ. ತಂಡಕ್ಕೆ ಒಂದು ಹೆಸರಿಡುವ ನಿಯಮ ಬರೆಯಬೇಕು. ಏನೇನು ಸೇರಿಸಬೇಕು ಅಂತ ತಿಳಿದವರು ಹೇಳಿ. ಓದೋಕೆ ಸುಲಭ ಆಗಲಿ ಅಂತ ಕೋಡನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಹಾಕಿದ್ದೀನಿ, ಫೈಲ್‌ನಲ್ಲಿರೋದು ಇಂಗ್ಲಿಷ್ ಅಕ್ಷರಗಳೇ.

ಮುಳ್ಳಯ್ಯನಗಿರಿ_1930

ಗೊರೂರು ಅವರೇ, ಕುಕಿಯಲ್ಲಿ ತೊಂದರೆ ಇಲ್ಲ. ಕೀ ಬರೀ ಅಂಕೆಯಾಗಿರೋದೇ ಕಾರಣ.

ಪಿಎಚ್‌ಪಿ ಅರೇಯಲ್ಲಿ (ಕೀ ಮತ್ತು ಅದರ ಮಾಹಿತಿಯ ಜೋಡಿಗಳ ಪಟ್ಟಿ, ಸೆಷನ್ ಕೂಡ ಒಂದು ಅರೇ) '101' ಅಂತ ಕೋಟ್ ಹಾಕಿ ಬರೆದರೂ ಅದು ಪೂರ್ಣಾಂಕ 101 ಆಗಿಬಿಡುತ್ತೆ. '10ಎ' ಪೂರ್ಣಾಂಕವಲ್ಲ, ಹಾಗಾಗಿ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿಯೇ ಉಳಿಯುತ್ತೆ. ಮುಂದೆ ಸೊನ್ನೆ ಇರುವ '0101' ಕೂಡ ಸ್ಟ್ರಿಂಗ್. ಪುಟ ಮುಗಿದು ಸೆಷನ್ ಬರೆಯುವ ಹೊತ್ತಿಗೆ 'ಪಿಎಚ್‌ಪಿ' ಎಂಬ ಡೀಫಾಲ್ಟ್ ಸೀರಿಯಲೈಸ್ ಹ್ಯಾಂಡ್ಲರ್ (ಸೆಷನ್ ಮಾಹಿತಿಯನ್ನು ಫೈಲಿಗೆ ಬರೆಯುವ ಭಾಗ) ಮೇಲ್ಮಟ್ಟದ ಪೂರ್ಣಾಂಕ ಕೀಗಳನ್ನು ಬಿಟ್ಟು ಮುಂದೆ ಹೋಗುತ್ತೆ. ಎರರ್ ಲಾಗ್ ತೆರೆದು 'ಸ್ಕಿಪ್ಪಿಂಗ್ ನ್ಯೂಮೆರಿಕ್ ಕೀ 101' ಅಂತ ಹುಡುಕಿ, ಇದ್ದೇ ಇರುತ್ತೆ. ಸ್ಕ್ರಿಪ್ಟ್ ಮುಗಿದ ಮೇಲೆ ಬರುವ ಸಂದೇಶವಾದ್ದರಿಂದ ನಿಮ್ಮ ಕೋಡಿನ ಯಾವ ಸಾಲಿನ ನಂಬರೂ ಅದರಲ್ಲಿ ಕಾಣಲ್ಲ. ಹಾಗಾಗಿಯೇ ಹೆಚ್ಚಿನವರ ಕಣ್ಣು ತಪ್ಪೋದು.

ಈ ನಿರ್ಬಂಧಕ್ಕೆ ಹಳೆಯ ಕಾರಣ ಇದೆ. ಪಿಎಚ್‌ಪಿಯಲ್ಲಿ ರಿಜಿಸ್ಟರ್ ಗ್ಲೋಬಲ್ಸ್ ಎಂಬ ಸೆಟ್ಟಿಂಗ್ ಇದ್ದ ಕಾಲದಲ್ಲಿ ಸೆಷನ್‌ನ ಪ್ರತಿ ಕೀಯೂ ಒಂದು ಗ್ಲೋಬಲ್ ವೇರಿಯಬಲ್ ಆಗುತ್ತಿತ್ತು. $ಯೂಸರ್ ಅಂತ ವೇರಿಯಬಲ್ ಮಾಡಬಹುದು, $101 ಅಂತ ಆಗಲ್ಲ. 2002ರಲ್ಲಿ ಬಂದ 4.2.0 ಆವೃತ್ತಿಯಲ್ಲಿ ಆ ಸೆಟ್ಟಿಂಗನ್ನು ಡೀಫಾಲ್ಟ್ ಆಗಿ ಆಫ್ ಮಾಡಿದರು, 2012ರ 5.4ರಲ್ಲಿ ಪೂರ್ತಿ ತೆಗೆದರು. ಆದರೂ ಕೀ ಅಕ್ಷರದಿಂದ ಅಥವಾ ಅಂಡರ್‌ಸ್ಕೋರ್‌ನಿಂದ ಶುರುವಾಗಬೇಕು ಎಂಬ ಮಾತು ಕೈಪಿಡಿಯಲ್ಲಿ ಉಳಿದಿದೆ. 10ಎ ಈಗ ಕೆಲಸ ಮಾಡ್ತಿದೆ ಅಂತ ಅದನ್ನೇ ನೆಚ್ಚಬೇಡಿ.

ಪರಿಹಾರ ಸುಲಭ. ಅಂಕೆಯನ್ನು ಒಂದು ಮಟ್ಟ ಒಳಗೆ ಹಾಕಿ:

$_ಸೆಷನ್['ಬುಕಿಂಗ್']['ರೂಮ್_ದಿನಗಳು'][101] = 2;

ಒಳಗಿನ ಅರೇಗೆ ಈ ನಿರ್ಬಂಧ ತಾಗಲ್ಲ, ಅಲ್ಲಿ ಪೂರ್ಣಾಂಕ ಕೀ ಧಾರಾಳವಾಗಿ ಉಳಿಯುತ್ತೆ.

ಸಕಲೇಶಪುರ_ಸರ್ವರ್

ಮೇಲಿನದಕ್ಕೆ ಸೇರಿಸಲೇಬೇಕಾದ್ದು ಇನ್ನೊಂದಿದೆ, ಅದು ಇದಕ್ಕಿಂತ ಅಪಾಯದ್ದು: | ಚಿಹ್ನೆ.

ಸೆಷನ್ ಫೈಲ್ ತೆರೆದು ನೋಡಿ. ಉಬುಂಟುವಿನಲ್ಲಿ /ವರ್/ಲಿಬ್/ಪಿಎಚ್‌ಪಿ/ಸೆಷನ್ಸ್ ಫೋಲ್ಡರ್, ವಿಂಡೋಸ್‌ನ ಕ್ಸಾಂಪ್ ಆದರೆ ಅದರ ಟಿಎಂಪಿ ಫೋಲ್ಡರ್. ಫೈಲ್ ಹೆಸರು 'ಸೆಸ್_' ಮತ್ತು ಅದರ ಹಿಂದೆ ಸೆಷನ್ ಐಡಿ. ಒಳಗೆ ಹೀಗಿರುತ್ತೆ:

ಯೂಸರ್_ಐಡಿ|ಐ:45;ದಿನಗಳು|ಐ:2;

ಹೆಸರು ಎಲ್ಲಿ ಮುಗಿಯಿತು, ಬೆಲೆ (ಆ ಕೀಯಲ್ಲಿ ಇಟ್ಟ ಮಾಹಿತಿ) ಎಲ್ಲಿ ಶುರುವಾಯಿತು ಅಂತ ತೋರಿಸೋದು ಕಂಬದಂತಿರುವ ಆ | ಚಿಹ್ನೆಯೇ. ಕೀ ಹೆಸರಿನಲ್ಲೇ | ಬಂದರೆ ಹ್ಯಾಂಡ್ಲರ್ ಆ ಒಂದು ಕೀಯನ್ನು ಬಿಟ್ಟು ಸುಮ್ಮನಾಗಲ್ಲ. ಎನ್‌ಕೋಡಿಂಗ್ ಪೂರ್ತಿ ನಿಲ್ಲುತ್ತೆ, ಖಾಲಿ ಸೆಷನ್ ಬರೆಯಲ್ಪಡುತ್ತೆ. ಗ್ರಾಹಕ ಲಾಗಿನ್‌ನಿಂದಲೂ ಹೊರಗೆ ಬೀಳ್ತಾನೆ. ಹಳೆಯ ಆವೃತ್ತಿಗಳಲ್ಲಿ ! ಚಿಹ್ನೆಗೂ ಇದೇ ಗತಿ. 'ಮೂಡಿಗೆರೆ|ಡೀಲಕ್ಸ್' ಅಂತ ಎರಡು ಮಾಹಿತಿ ಜೋಡಿಸಿ ಕೀ ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

'ಪಿಎಚ್‌ಪಿ_ಸೀರಿಯಲೈಸ್' ಅಂತ ಇನ್ನೊಂದು ಹ್ಯಾಂಡ್ಲರ್ 5.5.4ರಿಂದ ಇದೆ. ಅದು ಇಡೀ ಅರೇಯನ್ನು ಒಟ್ಟಿಗೆ ಬರೆಯುತ್ತೆ, ಅಂಕೆಗೂ ಕಂಬಕ್ಕೂ ತಕರಾರಿಲ್ಲ. ಬದಲಾಯಿಸುವ ಮುಂಚೆ ಎರಡು ವಿಷಯ ತಿಳಿದಿರಲಿ. ನಡೆಯುತ್ತಿರುವ ಸೈಟಿನಲ್ಲಿ ಬದಲಾಯಿಸಿದ ಕ್ಷಣದಿಂದ ಹಳೆಯ ಸೆಷನ್ ಫೈಲ್‌ಗಳು ಓದಲು ಬರಲ್ಲ, ಎಲ್ಲರೂ ಮತ್ತೆ ಲಾಗಿನ್ ಆಗಬೇಕು. ಎರಡನೆಯದು, ಒಂದೇ ಸೆಷನ್ ಫೋಲ್ಡರ್ ಬಳಸುವ ಎರಡು ಅಪ್ಲಿಕೇಶನ್‌ಗಳಲ್ಲಿ ಒಂದಕ್ಕೆ ಹಳೆಯ ಹ್ಯಾಂಡ್ಲರ್, ಇನ್ನೊಂದಕ್ಕೆ ಹೊಸದು ಇರಲೇಬಾರದು. ಒಂದು ಬರೆದ ಮಾಹಿತಿಯೊಳಗಿನ | ಚಿಹ್ನೆಯನ್ನು ಇನ್ನೊಂದು ಕೀಯ ಕೊನೆ ಅಂತ ಓದುತ್ತೆ. ಫಾರ್ಮ್‌ನಲ್ಲಿ ಟೈಪ್ ಮಾಡಿದ್ದನ್ನೇ ಸೆಷನ್ ಆಬ್ಜೆಕ್ಟ್ ಆಗಿ ನುಗ್ಗಿಸುವ ದಾಳಿಗೆ ಅದೇ ದಾರಿ.

ಗೊರೂರು_ಕೋಡ್ (ಹಾಸನ)

ಲಾಗ್‌ನಲ್ಲಿ ಆ ಸಾಲು ಸಿಕ್ತು ಸರ್, ಧನ್ಯವಾದ. ಒಳಗಿನ ಅರೇಗೆ ಬದಲಾಯಿಸಿದ ಮೇಲೆ 101 ಉಳಿಯುತ್ತಿದೆ. ಇನ್ನು ಹೆಸರಿನ ನಿಯಮ. ಬುಕಿಂಗ್_ರೂಮ್, ಬುಕಿಂಗ್_ದಿನ ಅಂತ ಪ್ರಿಫಿಕ್ಸ್ ಹಾಕೋದಾ, ಇಲ್ಲ ['ಬುಕಿಂಗ್']['ರೂಮ್'] ಅಂತ ಒಳಗೊಳಗೆ ಇಡೋದಾ?

ಮುಳ್ಳಯ್ಯನಗಿರಿ_1930

ಪಿಎಚ್‌ಪಿಯಲ್ಲಿ ನನ್ನ ಓಟು ಒಳಗೊಳಗೆ ಇಡುವುದಕ್ಕೆ. ಬುಕಿಂಗ್ ಮುಗಿದಾಗ ಅನ್‌ಸೆಟ್($_ಸೆಷನ್['ಬುಕಿಂಗ್']) ಒಂದೇ ಸಾಲಿನಲ್ಲಿ ಎಲ್ಲ ಹೋಗುತ್ತೆ. ಪ್ರಿಫಿಕ್ಸ್ ಆದರೆ ಎಲ್ಲ ಕೀಗಳನ್ನೂ ಸುತ್ತಿ ಹೆಸರು ಹೋಲಿಸಿ ಅಳಿಸಬೇಕು. ಯಾರೋ ಹೊಸದಾಗಿ ಸೇರಿಸಿದ ಕೀಗೆ ಪ್ರಿಫಿಕ್ಸ್ ಮರೆತಿದ್ದರೆ ಅದು ಮುಂದಿನ ಬುಕಿಂಗ್‌ಗೂ ಅಂಟಿಕೊಂಡು ಬರುತ್ತೆ.

ಬೇಲೂರು_ಪೈಥಾನ್

ಆ ಸಲಹೆಯನ್ನು ಜಾಂಗೋಗೆ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಹಾಗೇ ತಗೊಂಡು ಹೋಗಬೇಡಿ, ಅಲ್ಲಿ ಪೆಟ್ಟು ತಿನ್ನುತ್ತೀರಿ. ರಿಕ್ವೆಸ್ಟ್.ಸೆಷನ್['ಬುಕಿಂಗ್']['ರೂಮ್'] = 101 ಅಂತ ಒಳಗಿನ ಡಿಕ್ಷನರಿಯನ್ನು ಬದಲಿಸಿದರೆ ಸೆಷನ್ ಬದಲಾಗಿದೆ ಅಂತ ಜಾಂಗೋಗೆ ಗೊತ್ತಾಗಲ್ಲ, ಉಳಿಸೋದೂ ಇಲ್ಲ. ಸೆಷನ್.ಮಾಡಿಫೈಡ್ = ಟ್ರೂ ಅಂತ ಕೈಯಾರೆ ಹೇಳಬೇಕು. ಪೈಥಾನ್‌ನದೇ ಇನ್ನೊಂದು ಫ್ರೇಮ್‌ವರ್ಕ್ ಫ್ಲಾಸ್ಕ್‌ನಲ್ಲೂ ಹೀಗೇ. ಆದ್ದರಿಂದ ಪೈಥಾನ್ ಕಡೆ ಮೇಲ್ಮಟ್ಟದಲ್ಲೇ ಪ್ರಿಫಿಕ್ಸ್ ಹಾಕಿದ ಕೀ ವಾಸಿ.

ಜಾಂಗೋದ ಇನ್ನೆರಡು ನಿಯಮ. ಅಂಡರ್‌ಸ್ಕೋರ್‌ನಿಂದ ಶುರುವಾಗುವ ಕೀಗಳು ಜಾಂಗೋದ ಸ್ವಂತ ಬಳಕೆಗೆ ಮೀಸಲು. ಲಾಗಿನ್ ಆದವರ ಐಡಿ '_ಆತ್_ಯೂಸರ್_ಐಡಿ'ಯಲ್ಲಿ ಕೂತಿರುತ್ತೆ, ಪಾಸ್‌ವರ್ಡ್ ಬದಲಾದಾಗ ಹಳೆಯ ಸೆಷನ್ ರದ್ದಾಗಲು ಬೇಕಾದ ಗುರುತು '_ಆತ್_ಯೂಸರ್_ಹ್ಯಾಶ್'ನಲ್ಲಿ. ಹಾಗಾಗಿ ನಿಮ್ಮ ಕೀ ಅಕ್ಷರದಿಂದಲೇ ಶುರುವಾಗಲಿ.

ಅಂಕೆ ಕೀ ಇಲ್ಲೂ ಕೈಕೊಡುತ್ತೆ, ಆದರೆ ಬೇರೆ ರೀತಿ. ಸೆಷನ್[101] = 2 ಅಂತ ಬರೆದರೆ ಆ ರಿಕ್ವೆಸ್ಟ್‌ನಲ್ಲಿ ಸರಿಯಾಗಿ ಓದಬಹುದು. ಸೆಷನ್ ಉಳಿಯೋದು ಜೇಸನ್ ಎಂಬ ಪಠ್ಯ ರೂಪದಲ್ಲಿ, ಜೇಸನ್‌ನಲ್ಲಿ ಕೀ ಎಂದರೆ ಸ್ಟ್ರಿಂಗ್ ಮಾತ್ರ, ಆದ್ದರಿಂದ ಮುಂದಿನ ರಿಕ್ವೆಸ್ಟ್‌ಗೆ ಅದು '101' ಆಗಿ ವಾಪಸ್ ಬರುತ್ತೆ. ಸೆಷನ್[101] ಅಂತ ಕೇಳಿದರೆ ಕೀ ಎರರ್. ಪಿಎಚ್‌ಪಿಯಲ್ಲಿ ಒಳಗೆ ಹಾಕಿದರೆ ಬಗೆಹರಿಯಿತು, ಇಲ್ಲಿ ಒಳಗೆ ಹಾಕಿದರೂ ಸ್ಟ್ರಿಂಗೇ ಆಗೋದು.

ಫ್ಲಾಸ್ಕ್‌ನವರಿಗೆ ಮಾತ್ರ: ಅಲ್ಲಿ ಡೀಫಾಲ್ಟ್ ಸೆಷನ್ ಪೂರ್ತಿ ಬ್ರೌಸರ್ ಕುಕಿಯಲ್ಲೇ ಹೋಗುತ್ತೆ, ಸುಮಾರು 4 ಕೆಬಿ ಮಿತಿ. ಉದ್ದುದ್ದ ಕೀ ಹೆಸರು ಆ ಮಿತಿಯನ್ನೇ ತಿನ್ನುತ್ತೆ. ಆ ಕುಕಿಗೆ ಸಹಿ ಇದೆ, ಗುಪ್ತಲಿಪಿ ಇಲ್ಲ. ಅಂದರೆ ಕೀ ಹೆಸರುಗಳನ್ನೂ ಬೆಲೆಗಳನ್ನೂ ಬಳಕೆದಾರರು ಓದಬಹುದು.

ಭದ್ರಾ_ಸೆಕ್ಯುರಿಟಿ

ಇಷ್ಟು ಹೊತ್ತು ಯಾವ ಹೆಸರು ಕೆಲಸ ಮಾಡುತ್ತೆ ಎಂಬ ಚರ್ಚೆ ಆಯಿತು. ಯಾವ ಹೆಸರು ಕಳ್ಳನಿಗೆ ಬಾಗಿಲು ತೆರೆಯುತ್ತೆ ಎಂಬುದನ್ನು ನಿಯಮದ ಮೊದಲ ಸಾಲಿನಲ್ಲೇ ಬರೆಯಿರಿ ಅಂತ ಕೇಳಿಕೊಳ್ತೀನಿ.

ಪಾಸ್‌ವರ್ಡ್ ಮರೆತವರ ಪುಟ ಇದೆ ಅಂದುಕೊಳ್ಳಿ. ಅಲ್ಲಿ ಯಾರೋ ಒಂದು ಮೊಬೈಲ್ ನಂಬರ್ ಹಾಕುತ್ತಾರೆ, ಒಟಿಪಿ ಕಳಿಸುವ ಮುಂಚೆ ಕೋಡ್ ಆ ನಂಬರಿನ ಖಾತೆ ಹುಡುಕಿ $_ಸೆಷನ್['ಯೂಸರ್']ನಲ್ಲಿ ಇಡುತ್ತೆ. ಬೇರೊಬ್ಬರು ಬರೆದ 'ನನ್ನ ಬುಕಿಂಗ್‌ಗಳು' ಪುಟ ನೋಡೋದು ಇಷ್ಟೇ: $_ಸೆಷನ್['ಯೂಸರ್'] ಇದೆಯಾ? ಇದೆ. ಒಟಿಪಿ ಹಾಕದೆ ನೇರ ಆ ಪುಟದ ವಿಳಾಸ ಕೊಟ್ಟರೆ ಬೇರೆಯವರ ಬುಕಿಂಗ್ ಎಲ್ಲ ತೆರೆದುಕೊಳ್ಳುತ್ತೆ. ಪಾಸ್‌ವರ್ಡ್ ಒಡೆಯಬೇಕಾಗಿಲ್ಲ, ಏನನ್ನೂ ಕದಿಯಬೇಕಾಗಿಲ್ಲ. ಇದಕ್ಕೆ ಸೆಷನ್ ಪಝಲಿಂಗ್ ಅಂತ ಹೆಸರು, ವೆಬ್ ಸುರಕ್ಷತೆಯ ಸಂಸ್ಥೆ ಒವಾಸ್ಪ್‌ನ ಪರೀಕ್ಷಾ ಕೈಪಿಡಿಯಲ್ಲಿ ಇದಕ್ಕೇ ಒಂದು ಪರೀಕ್ಷೆ ಇದೆ. ಎರಡು ಪುಟವನ್ನೂ ಬೇರೆ ಬೇರೆಯಾಗಿ ಓದಿದರೆ ಎರಡೂ ಸರಿ. ತಪ್ಪಿರುವುದು ಒಂದೇ ಹೆಸರು ಎರಡು ಅರ್ಥ ಹೊತ್ತಿರುವುದರಲ್ಲಿ.

ಆದ್ದರಿಂದ ಕೀ ನೋಡಿದ ತಕ್ಷಣ ಎರಡು ಸಂಗತಿ ಗೊತ್ತಾಗಬೇಕು: ಇದನ್ನು ಬರೆಯುವ ಹಕ್ಕು ಯಾವ ಭಾಗದ್ದು, ಈ ಬೆಲೆ ಪರಿಶೀಲನೆ ಆಗಿದೆಯೋ ಇಲ್ಲವೋ. 'ರೀಸೆಟ್_ಬಾಕಿ_ಯೂಸರ್_ಐಡಿ' ಅಂದರೆ ಇನ್ನೂ ನಂಬುವ ಹಾಗಿಲ್ಲ. 'ಆತ್_ಯೂಸರ್_ಐಡಿ' ಅಂದರೆ ಲಾಗಿನ್ ಫಂಕ್ಷನ್ ಮಾತ್ರ ಬರೆದದ್ದು, ಇಡೀ ಪ್ರಾಜೆಕ್ಟ್‌ನಲ್ಲಿ ಅದಕ್ಕೆ ಬೆಲೆ ಹಾಕುವ ಸಾಲು ಒಂದೇ ಇರಬೇಕು. ಒಟಿಪಿ ಸರಿಯಾದಾಗ ಸೆಷನ್_ರೀಜನರೇಟ್_ಐಡಿ(ಟ್ರೂ) ಕರೆದು ಸೆಷನ್ ಐಡಿ ಬದಲಿಸಿ, ಬಾಕಿ ಕೀ ಅಳಿಸಿ, ಆಮೇಲೆ ಆತ್ ಕೀ ಬರೆಯಿರಿ.

ಮತ್ತೊಂದು: ಕೀಯನ್ನು ಎಂದಿಗೂ ಬಳಕೆದಾರರ ಕೈಗೆ ಕೊಡಬೇಡಿ. ಫಾರ್ಮ್‌ನಲ್ಲಿ ಬಂದದ್ದನ್ನೆಲ್ಲ ಫಾರ್‌ಈಚ್ ಸುತ್ತಿ $_ಸೆಷನ್[$ಕೀ] = $ಬೆಲೆ ಅಂತ ತುಂಬುವ ಕೋಡ್ ಎಷ್ಟೋ ಟ್ಯುಟೋರಿಯಲ್‌ಗಳಲ್ಲಿದೆ. ಹಾಗಿದ್ದರೆ ಯಾರು ಬೇಕಾದರೂ ಆತ್_ಯೂಸರ್_ಐಡಿ ಎಂಬ ಇನ್‌ಪುಟ್ ಸೇರಿಸಿ ಕಳಿಸಬಹುದು. ಒಪ್ಪಿತ ಕೀಗಳ ಪಟ್ಟಿ ಇಟ್ಟುಕೊಂಡು ಅದರಲ್ಲಿರುವುದನ್ನು ಮಾತ್ರ ನಕಲಿಸಿ.

ಕಡೂರು_ಡಾಟ್‌ನೆಟ್

ಭದ್ರಾ ಅವರ ಮಾತಿಗೆ ಪೂರ್ತಿ ಸಹಮತ. ಮೂರನೆಯ ಸಂಗತಿಯನ್ನೂ ಸೇರಿಸಿ: ಅಳತೆ.

'ಮೊತ್ತ' ಅಂದರೆ ರೂಪಾಯಿಯೋ ಪೈಸೆಯೋ? ಪಾವತಿ ಸೇವೆ ರೇಜರ್‌ಪೇಗೆ ಮೊತ್ತ ಕಳಿಸುವಾಗ ಪೈಸೆಯಲ್ಲಿ ಕಳಿಸಬೇಕು, ₹2,500 ಅಂದರೆ 250000. ಸೆಷನ್‌ನಲ್ಲಿ ರೂಪಾಯಿ ಇಟ್ಟು ಪಾವತಿ ಪುಟದಲ್ಲಿ ಪೈಸೆ ಅಂತ ಓದಿದರೆ ಗ್ರಾಹಕರಿಗೆ ₹25 ಬಿಲ್ ಹೋಗುತ್ತೆ. 'ಮೊತ್ತ_ಪೈಸೆ' ಅಂತ ಇಟ್ಟರೆ ಓದುವವರಿಗೆ ಅನುಮಾನ ಉಳಿಯಲ್ಲ. ನಮ್ಮ ಭಾಗದ ಕಾಫಿ ವ್ಯವಹಾರದ ಸೈಟ್‌ಗಳಲ್ಲೂ ಇದೇ. ದರ ಹೇಳೋದು 50 ಕೆಜಿ ಮೂಟೆಗೆ, ತೂಕ ಬರೆಯೋದು ಕೆಜಿಯಲ್ಲಿ. 'ತೂಕ' = 120 ಅಂದರೆ 120 ಕೆಜಿಯೋ, 6,000 ಕೆಜಿ ಆಗುವ 120 ಮೂಟೆಯೋ ಅಂತ ಕೋಡ್ ಓದಿದವರಿಗೆ ಗೊತ್ತಾಗಲ್ಲ. 'ತೂಕ_ಕೆಜಿ', 'ಮೂಟೆ_50ಕೆಜಿ_ಎಣಿಕೆ' ಅಂತಲೇ ಬರೆಯಿರಿ.

ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್‌ನೆಟ್ ಕೋರ್ ಫ್ರೇಮ್‌ವರ್ಕ್‌ನಲ್ಲಿ ಬೆಲೆಯ ಬಗೆಯೂ (ಅಂಕೆಯೋ ಅಕ್ಷರವೋ ಎಂಬುದು) ಉಳಿಯಲ್ಲ. ಸೆಷನ್ ಇಡೋದು ಬರೀ ಬೈಟ್‌ಗಳನ್ನು. ಸೆಟ್‌ಸ್ಟ್ರಿಂಗ್‌ನಲ್ಲಿ "2500" ಬರೆದು ಅದೇ ಕೀಯನ್ನು ಗೆಟ್‌ಇಂಟ್32ರಲ್ಲಿ ಓದಿದರೆ ಎರರ್ ಬರಲ್ಲ, 842346544 ಬರುತ್ತೆ! ನಾಲ್ಕು ಅಕ್ಷರದ ನಾಲ್ಕು ಬೈಟ್ ಸೇರಿ ಒಂದು ಪೂರ್ಣಾಂಕ ಆದದ್ದು. "101" ಆದರೆ ಮೂರೇ ಬೈಟ್, ಆಗ ನಲ್ (ಏನೂ ಇಲ್ಲ). ಹೀಗಾಗಿ ಅಲ್ಲಿ ಕೀಯನ್ನು ನೇರ ಮುಟ್ಟದೆ, ಒಂದೊಂದು ಕೀಗೆ ಓದುವ ಒಂದು ಮೆಥಡ್, ಬರೆಯುವ ಒಂದು ಮೆಥಡ್ ಮಾಡಿಡುವುದು ಕ್ಷೇಮ.

ಹಳೆಯ ಎಎಸ್‌ಪಿ ಡಾಟ್‌ನೆಟ್‌ನಿಂದ ಕೋರ್‌ಗೆ ಬರುವವರು ಗಮನಿಸಿ. ಹಳೆಯದರಲ್ಲಿ ದೊಡ್ಡಕ್ಷರ ಸಣ್ಣಕ್ಷರ ಭೇದ ಇರಲಿಲ್ಲ, ಯೂಸರ್‌ಐಡಿಯನ್ನು ಹೇಗೆ ಬರೆದರೂ ಅದೇ ಕೀ. ಕೋರ್‌ನಲ್ಲಿ ಭೇದ ಇದೆ, ಪಿಎಚ್‌ಪಿ ಮತ್ತು ಜಾವಾದಲ್ಲೂ ಇದೆ.

ಅರಸೀಕೆರೆ_ಲಿಪಿ

ಕೀ ಹೆಸರನ್ನೇ ಕನ್ನಡದಲ್ಲಿ ಇಡಬಹುದಾ ಅಂತ ಯಾರೂ ಕೇಳಿಲ್ಲ, ಆದರೂ ನಿಯಮ ಬರೆಯುವಾಗ ಬರುವ ಪ್ರಶ್ನೆ. ಪಿಎಚ್‌ಪಿಯಲ್ಲಿ 'ಕೊಠಡಿ' ಎಂಬ ಕೀ ನ್ಯಾಯಬದ್ಧ. ಸೆಷನ್ ಕೂಡ ತಪ್ಪದೆ ಉಳಿಯುತ್ತೆ. ಅಪಾಯ ಇರುವುದು ಬೈಟ್ ಮಟ್ಟದಲ್ಲಿ.

'ಕೊ' ಅಕ್ಷರವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು: ಕ ಮತ್ತು ಒತ್ವದ ಒಂದೇ ಸಂಕೇತ, ಅಥವಾ ಕ, ಎತ್ವ, ಊತ್ವ ಅಂತ ಬಿಡಿಬಿಡಿಯಾಗಿ. ಪರದೆಯ ಮೇಲೆ ಎರಡೂ ಒಂದೇ. ಕನ್ನಡದ ಪ್ರತಿ ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟ್. ಹಾಗಾಗಿ ಮೊದಲ ರೀತಿಯ 'ಕೊಠಡಿ' 15 ಬೈಟ್, ಎರಡನೆಯದು 18. ಎಸ್‌ಟಿಆರ್‌ಲೆನ್ (ಬೈಟ್ ಎಣಿಸುವ ಫಂಕ್ಷನ್) ಹಾಕಿ ನೋಡಿದರೆ ಸಿಕ್ಕಿಬೀಳುತ್ತೆ. ಪಿಎಚ್‌ಪಿಗೆ ಅವು ಎರಡು ಬೇರೆ ಬೇರೆ ಕೀಗಳು. ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆ (ಅಕ್ಷರಗಳು ಕೂಡದಂತೆ ತಡೆಯುವ ಸಂಕೇತ) ಸೇರಿದರೂ ಇನ್ನೊಂದು 3 ಬೈಟ್ ಹೆಚ್ಚಿ ಕೀ ಬದಲಾಗುತ್ತೆ. ಒಬ್ಬರ ಕೀಬೋರ್ಡ್ ಅದನ್ನು ಹಾಕುತ್ತೆ, ಇನ್ನೊಬ್ಬರದು ಹಾಕಲ್ಲ.

ಬೆಲೆಯ ಜಾಗದಲ್ಲಿ ಕನ್ನಡ ಇರಲಿ, ಧಾರಾಳವಾಗಿ ಇರಲಿ. ಕೀ ಮಾತ್ರ ಸಣ್ಣಕ್ಷರದ ಇಂಗ್ಲಿಷ್, ಅಂಕೆ, ಅಂಡರ್‌ಸ್ಕೋರ್. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದಕ್ಕೂ ನನ್ನ ವಿರೋಧವಿದೆ. ಕೃಷಿ ಸೈಟಿನಲ್ಲಿ 'ಬೆಲೆ'ಯೂ 'ಬೆಳೆ'ಯೂ ಒಂದೇ ನಾಲ್ಕು ಇಂಗ್ಲಿಷ್ ಅಕ್ಷರ ಆಗಿಬಿಡುತ್ತವೆ. ದರದ ಜಾಗಕ್ಕೆ 'ಅರೇಬಿಕಾ' ಬಂದು ಕೂರುತ್ತೆ.

ಸಕಲೇಶಪುರ_ಸರ್ವರ್

ಕೀ ಹೆಸರು ಎಷ್ಟೇ ಚೆನ್ನಾಗಿದ್ದರೂ ಸೆಷನ್‌ನದ್ದೇ ಹೆಸರು ಸರಿಯಿಲ್ಲದಿದ್ದರೆ ಉಪಯೋಗ ಇಲ್ಲ. ಒಂದೇ ಡೊಮೈನ್‌ನಲ್ಲಿ /ಬುಕಿಂಗ್ ಮತ್ತು /ಅಡ್ಮಿನ್ ಎರಡು ಅಪ್ಲಿಕೇಶನ್ ಇದ್ದು ಎರಡಕ್ಕೂ ಪಿಎಚ್‌ಪಿಯ ಡೀಫಾಲ್ಟ್ ಕುಕಿ ಹೆಸರೇ ಇದ್ದರೆ ಎರಡೂ ಒಂದೇ ಸೆಷನ್ ಫೈಲ್ ಓದುತ್ತವೆ. ಬುಕಿಂಗ್‌ನ ಆತ್_ಯೂಸರ್_ಐಡಿ 45 ಒಬ್ಬ ಗ್ರಾಹಕ, ಅಡ್ಮಿನ್‌ನ ಪಟ್ಟಿಯಲ್ಲಿ 45 ಒಬ್ಬ ಮ್ಯಾನೇಜರ್ ಆಗಿರಬಹುದು.

ಸೆಷನ್_ನೇಮ್ ಬೇರೆ ಬೇರೆ ಕೊಡಿ, ಸೆಷನ್_ಸ್ಟಾರ್ಟ್‌ಗೆ ಮೊದಲು. ಹೆಸರಿನಲ್ಲಿ ಅಕ್ಷರ ಮತ್ತು ಅಂಕೆ ಮಾತ್ರ, ಕನಿಷ್ಠ ಒಂದು ಅಕ್ಷರ ಇರಲೇಬೇಕು. ಬರೀ ಅಂಕೆ ಕೊಟ್ಟರೆ ಪ್ರತಿ ಪುಟಕ್ಕೂ ಹೊಸ ಸೆಷನ್ ಐಡಿ ಹುಟ್ಟುತ್ತೆ. ಚುಕ್ಕಿಯೂ ಬೇಡ, ಕುಕಿ ಹೆಸರಿನ ಚುಕ್ಕಿಯನ್ನು ಪಿಎಚ್‌ಪಿ ಓದುವಾಗ ಅಂಡರ್‌ಸ್ಕೋರ್ ಮಾಡಿಬಿಡುತ್ತೆ. ಅಷ್ಟಕ್ಕೇ ನಿಲ್ಲಿಸಬೇಡಿ, ಸೆಷನ್ ಸೇವ್ ಪಾತ್ (ಸೆಷನ್ ಫೈಲ್ ಇಡುವ ಫೋಲ್ಡರ್) ಕೂಡ ಬೇರೆ ಇರಬೇಕು. ಫೋಲ್ಡರ್ ಒಂದೇ ಆದರೆ ಬುಕಿಂಗ್ ಕುಕಿಯ ಐಡಿಯನ್ನು ನಕಲು ಮಾಡಿ ಅಡ್ಮಿನ್ ಕುಕಿಗೆ ಹಾಕಿದವರಿಗೆ ಅದೇ ಫೈಲ್ ತೆರೆದುಕೊಳ್ಳುತ್ತೆ.

ಮೀಸಲು ಹೆಸರುಗಳ ಬಗ್ಗೆ ಚುಟುಕಾಗಿ. ಪಿಎಚ್‌ಪಿ 5.4ರಿಂದ ಫೈಲ್ ಅಪ್‌ಲೋಡ್ ಪ್ರಗತಿಯನ್ನು 'ಅಪ್‌ಲೋಡ್_ಪ್ರೋಗ್ರೆಸ್_' ಪ್ರಿಫಿಕ್ಸ್‌ನ ಕೀಗಳಲ್ಲಿ ಇಡುತ್ತೆ. ಪಿಎಚ್‌ಪಿ ಫ್ರೇಮ್‌ವರ್ಕ್ ಕೋಡ್‌ಇಗ್ನೈಟರ್‌ಗೆ '__ಸಿಐ_ವರ್ಸ್' ಮತ್ತು '__ಸಿಐ_ಲಾಸ್ಟ್_ರೀಜನರೇಟ್' ಬೇಕು. ಇನ್ನೊಂದು ಪಿಎಚ್‌ಪಿ ಫ್ರೇಮ್‌ವರ್ಕ್ ಲಾರವೆಲ್‌ಗೆ '_ಟೋಕನ್', '_ಫ್ಲ್ಯಾಶ್', '_ಪ್ರೀವಿಯಸ್'. ಜಾವಾಸ್ಕ್ರಿಪ್ಟ್‌ನ ಎಕ್ಸ್‌ಪ್ರೆಸ್‌ನಲ್ಲಿ ಸೆಷನ್ ಆಬ್ಜೆಕ್ಟ್ ಮೇಲೆಯೇ 'ಕುಕಿ', 'ಸೇವ್', 'ರೀಲೋಡ್', 'ಡೆಸ್ಟ್ರಾಯ್' ಇರುವುದರಿಂದ ಆ ಹೆಸರಿನ ಬೆಲೆ ಬರೆದರೆ ಸೆಷನ್ ಯಂತ್ರವೇ ಕೆಡುತ್ತೆ. ಲಾರವೆಲ್‌ನಲ್ಲಿ ಚುಕ್ಕಿಗೂ ಅರ್ಥವಿದೆ: 'ಕಾರ್ಟ್'ಗೆ 5 ಇಟ್ಟು ಆಮೇಲೆ 'ಕಾರ್ಟ್.ಒಟ್ಟು'ಗೆ 10 ಇಟ್ಟರೆ ಕಾರ್ಟ್ ಅರೇ ಆಗಿ 5 ಅಳಿದುಹೋಗುತ್ತೆ.

ಗೊರೂರು_ಕೋಡ್ (ಹಾಸನ)

ಬಹಳ ಉಪಕಾರ ಆಯ್ತು. ಎರಡು ಪ್ರಶ್ನೆ ಉಳಿದಿವೆ. ಒಬ್ಬರೇ ಎರಡು ಟ್ಯಾಬ್‌ನಲ್ಲಿ ಎರಡು ಹೋಂಸ್ಟೇ ತೆರೆದರೆ ['ಬುಕಿಂಗ್'] ಒಂದರ ಮೇಲೊಂದು ಬರೆದುಕೊಳ್ಳುತ್ತಲ್ಲ? ಮತ್ತೆ, ಈಗ ನಡೀತಿರೋ ಸೈಟಿನಲ್ಲಿ ಯುಐಡಿಯನ್ನು ಆತ್_ಯೂಸರ್_ಐಡಿ ಮಾಡೋದು ಹೇಗೆ?

ಮುಳ್ಳಯ್ಯನಗಿರಿ_1930

ಟ್ಯಾಬ್ ಎರಡಾದರೂ ಸೆಷನ್ ಒಂದೇ, ಬರೆದುಕೊಳ್ಳುತ್ತೆ. ಬುಕಿಂಗ್ ಶುರುವಾದಾಗ ಬಿನ್2ಹೆಕ್ಸ್(ರ‍್ಯಾಂಡಮ್_ಬೈಟ್ಸ್(8)) ನಿಂದ 16 ಅಕ್ಷರದ ಗುರುತು ಮಾಡಿ, ಮುಂದೆ 'ಡಿ_' ಸೇರಿಸಿ, ['ಬುಕಿಂಗ್'][ಆ ಗುರುತು] ಒಳಗೆ ಎಲ್ಲ ಇಡಿ. ಗುರುತನ್ನು ಫಾರ್ಮ್‌ನ ಹಿಡನ್ ಇನ್‌ಪುಟ್‌ನಲ್ಲಿ ಪುಟದಿಂದ ಪುಟಕ್ಕೆ ಸಾಗಿಸಿ. ವಾಪಸ್ ಬಂದದ್ದು ಸೆಷನ್‌ನಲ್ಲಿ ಮೊದಲೇ ಇದ್ದರೆ ಮಾತ್ರ ಒಪ್ಪಿ, ಇಲ್ಲದಿದ್ದರೆ ಹೊಸದನ್ನು ಸೃಷ್ಟಿಸಬೇಡಿ. ಕೀಯನ್ನು ಬಳಕೆದಾರರ ಕೈಗೆ ಕೊಡಬಾರದು ಅಂತ ಭದ್ರಾ ಅವರು ಹೇಳಿದ್ದು ಇಲ್ಲೂ ಅನ್ವಯಿಸುತ್ತೆ. ಹೀಗೆ ಮುಗಿಯದ ಬುಕಿಂಗ್ ಕರಡುಗಳು ಐದಕ್ಕಿಂತ ಹೆಚ್ಚು ಸೇರಿದರೆ ಹಳೆಯದನ್ನು ತೆಗೆಯಿರಿ, ಇಲ್ಲದಿದ್ದರೆ ಫೈಲ್ ಬೆಳೀತಾನೇ ಹೋಗುತ್ತೆ.

ಹೆಸರು ಬದಲಾವಣೆಗೆ ಮೊದಲು ಪಟ್ಟಿ ಮಾಡಿ. ಇಡೀ ಫೋಲ್ಡರ್ ಮೇಲೆ ಗ್ರೆಪ್ (ಫೈಲ್‌ಗಳಲ್ಲಿ ಪದ ಹುಡುಕುವ ಕಮಾಂಡ್) ಓಡಿಸಿ $_ಸೆಷನ್[ ಇರುವ ಎಲ್ಲ ಕಡೆಯ ಕೀ ತೆಗೆದು, ಸಾರ್ಟ್ ಮಾಡಿ, ಯೂನಿಕ್‌ನಲ್ಲಿ ಎಣಿಸಿ. ಒಂದೇ ಒಂದು ಸಲ ಬಂದಿರುವ ಕೀಗಳನ್ನು ಮೊದಲು ನೋಡಿ: ಹೆಚ್ಚಾಗಿ ಅವು ಕಾಗುಣಿತ ತಪ್ಪು, ಇಲ್ಲವೇ ಬರೆದು ಯಾರೂ ಓದದವು. ಕೋಟ್ ಇಲ್ಲದ $_ಸೆಷನ್[ಯುಐಡಿ] ಥರದವನ್ನೂ ಹುಡುಕಿ. 7.2ರಲ್ಲಿ ಅದು ಬರೀ ವಾರ್ನಿಂಗ್ ಆಗಿತ್ತು, 8.0ರಿಂದ ಪುಟವೇ ನಿಲ್ಲುತ್ತೆ.

ಆಮೇಲೆ ಎಲ್ಲ ಹೆಸರನ್ನೂ ಒಂದೇ ಕ್ಲಾಸಿನ ಕಾನ್ಸ್‌ಟೆಂಟ್‌ಗಳಾಗಿ ಬರೆಯಿರಿ. ಸ್ಟ್ರಿಂಗ್ ಕೀಯಲ್ಲಿ ಒಂದಕ್ಷರ ತಪ್ಪಿದರೆ 'ಅನ್‌ಡಿಫೈನ್ಡ್ ಅರೇ ಕೀ' ವಾರ್ನಿಂಗ್ ಮಾತ್ರ, ಇಸ್‌ಸೆಟ್ ಒಳಗಿದ್ದರೆ ಅದೂ ಇಲ್ಲ. ಕಾನ್ಸ್‌ಟೆಂಟ್ ತಪ್ಪಿದರೆ ಅಲ್ಲೇ ಎರರ್. 8.1ರ ಈನಮ್ (ನಿಗದಿತ ಹೆಸರುಗಳ ಪಟ್ಟಿ) ಬಳಸುವುದಾದರೆ ನೇರವಾಗಿ ಅರೇ ಕೀ ಆಗಲ್ಲ, ಹಿಂದೆ ->ವ್ಯಾಲ್ಯೂ ಬೇಕು.

ಬೇಲೂರು_ಪೈಥಾನ್

ಬದಲಾಯಿಸಿದ ದಿನ ಹಳೆಯ ಕೀ ಇರುವ ಸೆಷನ್‌ಗಳು ಇನ್ನೂ ಬದುಕಿರುತ್ತವೆ, ಅದನ್ನು ಮರೆಯಬೇಡಿ. ಹೊಸ ಕೀ ಇಲ್ಲದಿದ್ದರೆ ಹಳೆಯದನ್ನು ಓದಿ, ಹೊಸದರಲ್ಲಿ ಬರೆದು, ಹಳೆಯದನ್ನು ಅಳಿಸುವ ನಾಲ್ಕು ಸಾಲು ಸೆಷನ್ ಶುರುವಾಗುವ ಜಾಗದಲ್ಲಿ ಹಾಕಿ. ಈ ಹಳೆಯ ಯುಐಡಿಯನ್ನು ಲಾಗಿನ್ ಭಾಗ ಮಾತ್ರ ಬರೆಯುತ್ತಿತ್ತೇ ಅಂತ ಗ್ರೆಪ್ ಪಟ್ಟಿಯಲ್ಲಿ ಮೊದಲು ಖಚಿತ ಮಾಡಿಕೊಳ್ಳಿ. ಬೇರೆ ಯಾವುದಾದರೂ ಪುಟವೂ ಬರೆಯುತ್ತಿದ್ದರೆ ನಕಲು ಮಾಡಬೇಡಿ, ಅಳಿಸಿ ಎಲ್ಲರಿಗೂ ಮರು ಲಾಗಿನ್ ಮಾಡಿಸಿ.

ಆ ನಾಲ್ಕು ಸಾಲು ಎಷ್ಟು ದಿನ ಇರಬೇಕು ಅನ್ನೋದು ಸೆಷನ್ ಆಯಸ್ಸಿನ ಮೇಲೆ ಹೋಗುತ್ತೆ. ಜಾಂಗೋ ಡೀಫಾಲ್ಟ್ 2 ವಾರ, ಲಾರವೆಲ್ 120 ನಿಮಿಷ, ಜಾವಾ ಸರ್ವರ್ ಟಾಮ್‌ಕ್ಯಾಟ್ 30 ನಿಮಿಷ.

ಸಕಲೇಶಪುರ_ಸರ್ವರ್

ಪಿಎಚ್‌ಪಿ ಡೀಫಾಲ್ಟ್ 1,440 ಸೆಕೆಂಡ್, ಅಂದರೆ 24 ನಿಮಿಷ. ಗೊರೂರು ಅವರೇ, ನಿಮ್ಮದು ಉಬುಂಟು ಆದ್ದರಿಂದ ಹಳೆಯ ಫೈಲ್‌ಗಳನ್ನು ಅಳಿಸೋದು ಪ್ರತಿ ಗಂಟೆಯ 9ನೇ ಮತ್ತು 39ನೇ ನಿಮಿಷಕ್ಕೆ ಓಡುವ ಸಿಸ್ಟಂ ಕೆಲಸ, ಪಿಎಚ್‌ಪಿ ಅಲ್ಲ. ಆ 24 ನಿಮಿಷ ಎಣಿಸೋದು ಕೊನೆಯ ಭೇಟಿಯಿಂದ, ಸೈಟ್ ತೆರೆದೇ ಇಟ್ಟುಕೊಂಡು ಓಡಾಡುವವರ ಸೆಷನ್ ಅಳಿಯಲ್ಲ. ಆದರೆ ಅಂಥವರ ಕೀ ಮೊದಲ ಕ್ಲಿಕ್‌ನಲ್ಲೇ ಹೊಸ ಹೆಸರಿಗೆ ಬಂದಿರುತ್ತೆ. ರಾತ್ರಿ ಬದಲಾಯಿಸಿದರೆ ಮರುದಿನ ಬೆಳಿಗ್ಗೆ ಆ ಸಾಲುಗಳನ್ನು ತೆಗೆಯಬಹುದು. ಆಯಸ್ಸನ್ನು ನೀವೇ ಹೆಚ್ಚಿಸಿದ್ದೀರಾ ಅಂತ ಪಿಎಚ್‌ಪಿ.ಐಎನ್‌ಐನಲ್ಲಿ ಜಿಸಿ_ಮ್ಯಾಕ್ಸ್‌ಲೈಫ್‌ಟೈಮ್ ನೋಡಿಕೊಂಡು, ತೆಗೆಯುವ ದಿನಾಂಕವನ್ನು ಆ ಸಾಲಿನ ಮೇಲೇ ಕಾಮೆಂಟ್‌ನಲ್ಲಿ ಬರೆದಿಡಿ.